ಹಂಸರಂಗದ ಒಂಬತ್ತಿಂಚು ಗೋಡೆ

ಹನ್ನೊಂದನೆಯ ಕಂತು

"ಸಾರ್, ಈ ಟೇಪಿನ ತುದಿ ಹಿಡ್ಕೊಳ್ಳಿ. ಅಲ್ಲಾಡಿಸ್ಬೇಡಿ."

ಹಿಡಿದುಕೊಂಡೆ. ಅರವತ್ತೇಳು ವರ್ಷದ ರಿಟೈರ್ಡ್ ಸಬ್ ಇನ್‌ಸ್ಪೆಕ್ಟರ್ ನಾನು, ದೇವರಾಜ್. ಒಂದು ಕಾಲಕ್ಕೆ ದೊಡ್ಡಬಳ್ಳಾಪುರದ ಪೇಟೆಯಲ್ಲಿ ನನ್ನ ಬುಲೆಟ್ ಸದ್ದು ಕೇಳಿದರೆ ಸಾಕು, ಇಸ್ಪೀಟಿನ ಎಲೆಗಳು ಚರಂಡಿಗೆ ಬೀಳುತ್ತಿದ್ದವು. ಈಗ ಇಪ್ಪತ್ತೆಂಟರ ಹುಡುಗಿಯೊಬ್ಬಳು ಹೇಳಿದ ಹಾಗೆ ಕೇಳಿಕೊಂಡು, ಹಂಸರಂಗ ಚಿತ್ರಮಂದಿರದ ಬಾಗಿಲಲ್ಲಿ ಮೊಣಕಾಲೂರಿ ಕೂತಿದ್ದೆ. ಕೇಳದೆ ಇನ್ನೇನು ಮಾಡಲಿ? ಇವಳ ಅಪ್ಪ ಬಚ್ಚಪ್ಪನನ್ನು ಕೊಲೆಗಾರ ಎಂದು ಹದಿನಾಲ್ಕು ವರ್ಷ ಜೈಲಿಗೆ ಕಳಿಸಿದವನು ನಾನೇ.

"ಮೂವತ್ತು ಇಂಚು," ಎಂದು ಅನಿತ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಾಳೆ. ಅಳೆಯದೆ ಯಾವುದನ್ನೂ ಪಾಸ್ ಮಾಡಿ ಅಭ್ಯಾಸವಿಲ್ಲ. "ಇದು ಹಾಲಿನ ಗೋಡೆ. ಈಗ ಮೇಲಿನ ಬಾಕ್ಸ್ ರೂಮಿನ ಗೋಡೆ ನೋಡೋಣ ಬನ್ನಿ."

"ಅದೂ ಇಷ್ಟೇ ಇರತ್ತೆ ಕಣಮ್ಮ. ಹಂಸರಂಗದ ಗೋಡೆ ಅಂದ್ರೆ ಊರಿಗೇ ಗೊತ್ತು."

"ಊರಿಗೆ ಗೊತ್ತಿದೆ ಸಾರ್. ಟೇಪಿಗೆ ಗೊತ್ತಿಲ್ಲ."

ನಿಜಕ್ಕೂ ಊರಿಗೆ ಗೊತ್ತಿದ್ದ ಗೋಡೆ ಅದು. 1954ರಲ್ಲಿ ರೇಷ್ಮೆ ಸೀರೆಯ ದೊಡ್ಡ ವ್ಯಾಪಾರಿಯೊಬ್ಬರು ನಾಟಕ ಕಂಪನಿಗಳಿಗೆಂದು ಹಂಸರಂಗ ಕಟ್ಟಿಸಿದಾಗ ಒಂದೇ ಚಿಂತೆ ಇತ್ತಂತೆ. ಸುತ್ತ ನಾಲ್ಕು ಬೀದಿಯಲ್ಲೂ ವಿದ್ಯುತ್ ಮಗ್ಗಗಳು ಬರುತ್ತಿದ್ದ ಕಾಲ. ಆ ಲಟಪಟದ ನಡುವೆ ರಾಜನ ಪಾರ್ಟಿನವನು ಎಷ್ಟು ಕಿರುಚಿದರೂ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಅದಕ್ಕೆ ಕಾರೈಕುಡಿ ಕಡೆಯ ಮೇಸ್ತ್ರಿ ಒಂದು ಉಪಾಯ ಹೇಳಿದ. ಎರಡು ಗೋಡೆ ಕಟ್ಟಿ, ನಡುವಿನ ಸಂದಿಗೆ ಭತ್ತದ ಹೊಟ್ಟು ಮತ್ತು ಮಗ್ಗದ ಮನೆಗಳಲ್ಲಿ ಉಳಿಯುವ ತುಂಡು ನೂಲು ತುಂಬುವುದು. ಮನೆಗೊಂದು ಮೂಟೆಯಂತೆ ನೇಕಾರರು ತಲೆ ಮೇಲೆ ಹೊತ್ತು ತಂದು ಸುರಿದರು. ಇವತ್ತಿಗೂ ಆ ಬೀದಿಗಳಲ್ಲಿ ಮುದುಕರು ನಮ್ಮ ನೂಲು ಆ ಗೋಡೆಯೊಳಗಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಒಳಗೆ ನಿಂತು ತಲೆ ಎತ್ತಿದೆ. ಕಂಬವೇ ಇಲ್ಲದೆ ನಿಂತ ಬಾಲ್ಕನಿ. ಮೊಟ್ಟೆಯ ಬಿಳಿ ಬೆರೆಸಿದ ಗಾರೆಯ ಸೂರು, ಅದರ ಅಂಚಿಗೆ ಸುತ್ತಲೂ ಸೀರೆಯ ಬಾರ್ಡರಿನ ಚಿತ್ತಾರ. ತೇಗದ ಕುರ್ಚಿಗಳನ್ನು ಆಗಲೇ ಕಿತ್ತು ಲಾರಿಗೆ ಹಾಕಿದ್ದರು. ನಾಳೆ ಬೆಳಿಗ್ಗೆ ಎಂಟಕ್ಕೆ ಕಟ್ಟಡ ಕೆಡವಲು ಮುಹೂರ್ತ. ಜೆಸಿಬಿ ಇವತ್ತೇ ಬಂದು ಹಿಂದಿನ ಅಂಗಳದಲ್ಲಿ ನಿಂತಿತ್ತು.

"ಯಾಕ್ ಸಾರ್ ಸುಮ್ನೆ ಹಳೇದೆಲ್ಲ ಕೆದಕ್ತೀರಾ?" ಬೀಗದ ಕೈ ಗೊಂಚಲು ಹಿಡಿದು ಹಿಂದೆಯೇ ಬರುತ್ತಿದ್ದ ಕುಮಾರ್ ಹೇಳಿದ. ಕುಮಾರ್ ನನ್ನ ಕಾಲದ ಹೆಡ್ ಕಾನ್‌ಸ್ಟೇಬಲ್, ನನ್ನ ಬಲಗೈ. ರಿಟೈರ್ ಆದಮೇಲೆ ಈ ಜಾಗದ ಸೆಕ್ಯೂರಿಟಿ ನೋಡಿಕೊಳ್ಳುತ್ತಿದ್ದಾನೆ. "ಕೋರ್ಟೇ ತೀರ್ಪು ಕೊಟ್ಟಾಯ್ತು. ಬಿಸಿಲು ಬೇರೆ. ಬನ್ನಿ, ಮಜ್ಜಿಗೆ ಕುಡಿಯಣ."

"ಒಂದು ಅರ್ಧ ಗಂಟೆ ಕಣೋ. ಹುಡುಗಿ ಮನಸ್ಸಿಗೆ ಸಮಾಧಾನ ಆಗ್ಲಿ."

ಅವಳ ಸಮಾಧಾನವೆಂದು ಹೇಳಿದೆನೇ ಹೊರತು ನನ್ನದೆಂದು ಹೇಳಲು ಬಾಯಿ ಬರಲಿಲ್ಲ.

ಕಬ್ಬಿಣದ ಸುರುಳಿ ಮೆಟ್ಟಿಲು ಹತ್ತಿದೆವು. ಈ ಮೆಟ್ಟಿಲಿನ ಬುಡದಲ್ಲೇ 2003ರ ಏಪ್ರಿಲ್‌ನ ಒಂದು ಮಧ್ಯಾಹ್ನ, ಮ್ಯಾಟಿನಿ ಷೋ ನಡುವೆ, ಮಾಲೀಕ ಅಪ್ಪಯ್ಯಣ್ಣ ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲಿ ಸಿನಿಮಾ ಆಪರೇಟರ್ ಬಚ್ಚಪ್ಪನ ಸ್ಪ್ಯಾನರ್, ರಕ್ತ ಮೆತ್ತಿಕೊಂಡು. ಕರೆಂಟ್ ಹೋಗಿತ್ತು, ಹಿಂದಿನ ಶೆಡ್ಡಿನಲ್ಲಿ ಜನರೇಟರ್ ಸ್ಟಾರ್ಟ್ ಮಾಡುತ್ತಿದ್ದೆ ಎಂದ ಬಚ್ಚಪ್ಪ. ನೋಡಿದವರು ಒಬ್ಬರೂ ಇರಲಿಲ್ಲ.

ಮೇಲಿನ ಬಾಕ್ಸ್ ರೂಮಿನಲ್ಲಿ ಒಂದೇ ಕಿಟಕಿ. ಮುಂಭಾಗದ ಎರಡು ಗಾರೆ ಹಂಸಗಳ ಕತ್ತಿನ ನಡುವೆ ರಸ್ತೆಗೆ ತೆರೆದುಕೊಂಡ ದುಂಡು ಕಿಟಕಿ. ಅನಿತ ಅದರ ಅಂಚಿನಲ್ಲಿ, ಗೋಡೆಯ ದಪ್ಪಕ್ಕೆ ಟೇಪು ಹಿಡಿದಳು. ಮತ್ತೆ ಹಿಡಿದಳು. ಆಮೇಲೆ ಟೇಪನ್ನು ನನ್ನ ಕಡೆ ತಿರುಗಿಸಿದಳು.

ಒಂಬತ್ತು ಇಂಚು.

"ಒಂದೇ ಗೋಡೆ ಸಾರ್. ಬರೀ ಇಟ್ಟಿಗೆ. ನೂಲೂ ಇಲ್ಲ, ಹೊಟ್ಟೂ ಇಲ್ಲ."

ಹಿಂದೆ ಊರಿನವರು ಹೇಳಿದ್ದು ಆಗ ನೆನಪಾಯಿತು. 1972ರಲ್ಲಿ ನಾಟಕ ನಿಲ್ಲಿಸಿ ಸಿನಿಮಾ ಶುರು ಮಾಡಿದಾಗ ಈ ಮೇಲಂತಸ್ತನ್ನು ಸೇರಿಸಿದ್ದರು. ಆ ಹೊತ್ತಿಗೆ ಹಳೆಯ ಮೇಸ್ತ್ರಿ ಇರಲಿಲ್ಲ. ಹೊರಗಿನಿಂದ ಅದೇ ಗಾರೆ, ಅದೇ ಬಣ್ಣ ಬಳಿದಿದ್ದರಿಂದ ಗುರುತು ಸಿಗುತ್ತಿರಲಿಲ್ಲ. ಕಿಟಕಿಗೆ ಕೈ ಇಟ್ಟು ನೋಡಿದ್ದರೆ ಯಾವ ಗಾರೆ ಕೆಲಸದವನೂ ಹೇಳಿಬಿಡುತ್ತಿದ್ದ. ಮಹಜರು ಮಾಡಲು ನಾನು ಇದೇ ಕಿಟಕಿಯ ಪಕ್ಕದಲ್ಲಿ ಎರಡು ಗಂಟೆ ನಿಂತಿದ್ದೆ. ಕೈ ಇಡಲಿಲ್ಲ.

ಯಾಕೆ ಇದು ಇಷ್ಟು ಮುಖ್ಯ ಎಂದು ಹೇಳಿಬಿಡುತ್ತೇನೆ. ಕೊಲೆಯಾದ ಮಾರನೆಯ ದಿನ ಎದುರು ಮಗ್ಗದ ಮನೆಯ ಭಾಗ್ಯಮ್ಮ ತಾನಾಗಿಯೇ ಸ್ಟೇಷನ್ನಿಗೆ ಬಂದಿದ್ದಳು. ಕರೆಂಟ್ ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಾಗ ಈ ಕಿಟಕಿಯಿಂದ ಅಪ್ಪಯ್ಯಣ್ಣನ ಕೂಗು ಕೇಳಿಸಿತಂತೆ. "ಲೇ ನಾರಾಯಣ, ನಾನು ಬದುಕಿರೋವರೆಗೂ ಹಂಸರಂಗ ಮಾರೋಕೆ ಬಿಡಲ್ಲ ಕಣೋ" ಅಂದನಂತೆ. ನಾರಾಯಣ ಎಂದರೆ ಅವನ ತಮ್ಮ ಆದಿನಾರಾಯಣಪ್ಪ. ಆ ಹೊತ್ತಿಗೆ ದೇವನಹಳ್ಳಿಯಲ್ಲಿದ್ದೆ ಎಂದು ಅವನು ಬರೆದುಕೊಟ್ಟಿದ್ದ. ಇವತ್ತು ಈ ಕಟ್ಟಡ ಮಾರಿದವನೂ ಅವನೇ, ಕುಮಾರನಿಗೆ ಕೆಲಸ ಕೊಟ್ಟವನೂ ಅವನೇ.

ಆಗ ನಾನು ಮಹಾ ಬುದ್ಧಿವಂತ! ಪರೀಕ್ಷೆಯನ್ನೇ ಇಟ್ಟೆ. ಇಡೀ ಬೀದಿಯ ಮಗ್ಗ ನಿಲ್ಲಿಸಿದೆ. ಕುಮಾರನನ್ನು ಈ ರೂಮಿಗೆ ಹತ್ತಿಸಿ, ಗಂಟಲು ಹರಿಯುವ ಹಾಗೆ ಮೂರು ಸಲ ಕೂಗು ಎಂದೆ. ನಾನು ಭಾಗ್ಯಮ್ಮನ ಮಗ್ಗದ ಪಕ್ಕ ಕಣ್ಣು ಮುಚ್ಚಿ, ಕಿವಿಗೊಟ್ಟು ನಿಂತೆ. ಒಂದು ಪಿಸುಮಾತೂ ಕೇಳಿಸಲಿಲ್ಲ. ಹಂಸರಂಗದ ಗೋಡೆ, ಕೇಳಿಸುವುದಾದರೂ ಹೇಗೆ ಎಂದುಕೊಂಡೆ; ಕಿಟಕಿ ತೆರೆದಿದೆಯಲ್ಲ ಎಂದು ತಲೆಗೇ ಹೋಗಲಿಲ್ಲ. ಭಾಗ್ಯಮ್ಮನದು ಸುಳ್ಳು ಸಾಕ್ಷಿ ಎಂದು ಬರೆದೆ. ಆ ಪರೀಕ್ಷೆಗೆ ನನಗೆ ಪ್ರಶಂಸಾ ಪತ್ರ ಬಂತು. ಹೊಸ ಹುಡುಗರ ಟ್ರೈನಿಂಗಿನಲ್ಲಿ ಈ ಕತೆಯನ್ನು ಇಪ್ಪತ್ತು ಸಲವಾದರೂ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ. ಥೂ ನನ್ನ ಜನ್ಮಕ್ಕಿಷ್ಟು.

"ಸಾರ್," ಅನಿತ ನಿಧಾನವಾಗಿ ಕೇಳಿದಳು, "ಒಂಬತ್ತು ಇಂಚಿನ ಗೋಡೆ, ತೆಗೆದಿರೋ ಕಿಟಕಿ. ಮೂವತ್ತಡಿ ರಸ್ತೆ. ಕೇಳಿಸಲ್ವಾ?"

"ಇನ್ನೊಂದ್ಸಲ ನೋಡೇಬಿಡಣ."

"ವಿಡಿಯೋ ಬೇಕು. ಬಿಲ್ಡಿಂಗ್ ನಿಂತಿರೋವಾಗ್ಲೇ ತೆಗೀಬೇಕು, ಬಿದ್ಮೇಲೆ ನಮ್ಮಪ್ಪನ ಕೇಸು ಮತ್ತೆ ತೆಗೆಸೋಕೆ ತನ್ನ ಕೈಲಿ ಏನೂ ಉಳಿಯಲ್ಲ ಅಂದವ್ರೆ ನಮ್ಮ ಲಾಯರಮ್ಮ." ಅವಳು ತನ್ನ ಮೊಬೈಲನ್ನು ನನ್ನ ಕೈಗೆ ತುರುಕಿದಳು. "ನಿಮ್ಮ ಡಬ್ಬಾ ಫೋನಲ್ಲಿ ಸೌಂಡ್ ಸರಿಯಾಗಿ ಬರಲ್ಲ. ಇದ್ರಲ್ಲೇ ತೆಗೀರಿ. ಮೂರು ಗಂಟೆವರೆಗೂ ಲೈನ್ ರಿಪೇರಿ, ಬೀದೀಲಿ ಮಗ್ಗ ಓಡಲ್ಲ. ಇನ್ನೂ ಇಪ್ಪತ್ತು ನಿಮಿಷ ಇದೆ."

ಕುಮಾರ್ ಮುಂದೆ ಬಂದ. "ನೀನ್ಯಾಕಮ್ಮ ಕಷ್ಟಪಡ್ತೀಯ? ಆವತ್ತು ನಾನೇ ಕೂಗಿದ್ದು. ಇವತ್ತೂ ನಾನೇ ಕೂಗ್ತೀನಿ. ಸಾರ್ ಜೊತೆ ನೀನು ಕೆಳಗೆ ಹೋಗು."

"ಬೇಡ. ನಮ್ಮಪ್ಪನ ಕೇಸು. ನಾನೇ ಕೂಗ್ತೀನಿ."

"ಅವಳೇ ಕೂಗ್ಲಿ ಬಿಡೋ. ನೀನು ಜೊತೇಲಿರು, ಹಳೇ ಮೆಟ್ಟಿಲು, ಇಳಿಯೋವಾಗ ಕೈ ಹಿಡ್ಕೊ," ಎಂದೆ. ಹೌದು, ಈ ಬಾಯಲ್ಲೇ ಅಂದೆ.

ನಾನು ಹೊರಗೆ ಬಂದಾಗ ಕುಮಾರ್ ಇಳಿದು ಬಂದು ಶಟರ್ ಎಳೆದು ಒಳಗಿನಿಂದ ಬೀಗ ಹಾಕಿಕೊಂಡ. ಬೀದಿನಾಯಿ ನುಗ್ತವೆ ಸಾರ್ ಎಂದ.

ಭಾಗ್ಯಮ್ಮನ ಮಗ್ಗದ ಮನೆಗೆ ಆರು ಮೆಟ್ಟಿಲು. ಆರನ್ನು ಹತ್ತಲು ನನಗೆ ಆರು ಯುಗವಾಯಿತು. ಆಕೆ ಹೊಸ್ತಿಲ ಪಕ್ಕದಲ್ಲಿ ಕೂತು ಮಗ್ಗದಲ್ಲಿ ಕಡಿದುಹೋದ ನೂಲಿನ ಎಳೆಗಳಿಗೆ ಗಂಟು ಹಾಕುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತಿಸಿದಳು, ಆದರೂ ಎದ್ದು ನಿಲ್ಲಲಿಲ್ಲ.

"ಓಹೋ, ಸಾಹೇಬ್ರು! ಇಪ್ಪತ್ತೆರಡು ವರ್ಷಕ್ಕೆ ದಾರಿ ಗೊತ್ತಾಯ್ತಾ? ಕುರ್ಚಿ ಇಲ್ಲ. ನೆಲದ ಮೇಲೆ ಕೂತ್ಕೊಬೇಕು."

ಕೂತೆ. "ಭಾಗ್ಯಮ್ಮ, ಆವತ್ತಿಂದು ಮತ್ತೆ ಪರೀಕ್ಷೆ ಮಾಡ್ತಿದೀವಿ. ಬಚ್ಚಪ್ಪನ ಮಗಳು ಕಿಟಕೀಲಿ ನಿಂತವ್ಳೆ."

"ಯಾವ ಪರೀಕ್ಷೆ? ನನ್ನ ಸುಳ್ಳುಗಾತಿ ಮಾಡಿದ್ರಲ್ಲ, ಅದಾ?" ಆಕೆ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. "ಕೋರ್ಟಲ್ಲಿ ನಿಮ್ಮ ವಕೀಲ ಕೇಳ್ದ, ಎಷ್ಟು ಕೊಟ್ರಮ್ಮ ಹೀಗೆ ಹೇಳೋಕೆ ಅಂತ. ನಮ್ಮೆಜಮಾನ್ರು ಆಮೇಲೆ ಎರಡು ವರ್ಷ ಬೀದೀಲಿ ತಲೆ ಎತ್ತಿ ಓಡಾಡ್ಲಿಲ್ಲ. ಮದುವೆ ಮನೇಲಿ ನನ್ ಪಕ್ಕ ಊಟಕ್ಕೆ ಕೂರೋಕೂ ಜನ ಹಿಂದೆ ಮುಂದೆ ನೋಡೋರು. ನಿಮಗೆ ಗೊತ್ತಾ ಇದೆಲ್ಲ?"

ಗೊತ್ತಿಲ್ಲ ಎಂದು ತಲೆ ಆಡಿಸಿದೆ. ಫೋನೆತ್ತಿ ವಿಡಿಯೋ ಒತ್ತಿ, ಎದುರಿನ ಕಿಟಕಿಗೆ ಹಿಡಿದು, ಇನ್ನೊಂದು ಕೈ ಬೀಸಿದೆ. ಮಧ್ಯಾಹ್ನದ ಬಿಸಿಲು ನೇರ ಆ ದುಂಡು ಕಿಟಕಿಗೆ ಬೀಳುವುದರಿಂದ ಅನಿತಳ ಮುಖ, ಹಿಂದಿನ ಗೋಡೆ, ಬಾಗಿಲು ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ಅವಳು ಉಸಿರೆಳೆದುಕೊಂಡಳು.

"ಅಪ್ಪಾ!"

ಕೇಳಿಸಿತು! ಪಕ್ಕದ ಮನೆಯಿಂದ ಕರೆದ ಹಾಗೆ ಕೇಳಿಸಿತು. ಬೀದಿಯ ಕೊನೆಯ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೂ ತಿರುಗಿ ನೋಡಿದಳು.

"ನಮ್ಮಪ್ಪ ಕೊಲೆ ಮಾಡಿಲ್ಲಾ!"

ಒಂದೊಂದು ಅಕ್ಷರವೂ ಸ್ಪಷ್ಟ. ಹದಿನಾಲ್ಕು ವರ್ಷ. ಆರು ವರ್ಷದ ಮಗುವನ್ನು ಬಿಟ್ಟು ಜೀಪು ಹತ್ತಿದವನು, ಹೊರಗೆ ಬಂದಾಗ ಮಗಳನ್ನು ಗುರುತಿಸಲಿಲ್ಲವಂತೆ. ಇವತ್ತಿಗೂ ಬಾಗಿಲು ತಟ್ಟಿದರೆ ಎದ್ದು ಗೋಡೆಗೆ ಒರಗಿ ನಿಲ್ಲುತ್ತಾನಂತೆ. ನಾನು ಮಾಡಿದ್ದು ಇದು. ಯಾರ ಮೇಲೂ ಹಾಕುವಂತಿಲ್ಲ.

"ಭಾಗ್ಯಮ್ಮ, ತಪ್ಪಾಯ್ತು. ನಿಮ್ಮ ಮಾತು ನಿಜ. ಆದ್ರೆ ಆವತ್ತು... ಆವತ್ತು ಯಾಕೆ ಕೇಳಿಸ್ಲಿಲ್ಲ? ಮಗ್ಗ ನಿಂತಿತ್ತು. ಇದೇ ಜಾಗ. ಕುಮಾರ್ ಮೂರು ಸಲ ಕೂಗಿದ."

ಆಕೆ ಮೊದಲ ಸಲ ಕೆಲಸ ಬಿಟ್ಟು ನನ್ನನ್ನು ದಿಟ್ಟಿಸಿದಳು.

"ಯಾರು ಹೇಳಿದ್ದು ಕೂಗಿದ ಅಂತ?"

"ಅವನೇ ಹೇಳಿದ್ದು."

"ನೀವು ಕಣ್ಣು ಮುಚ್ಕೊಂಡು ನಿಂತಿದ್ರಿ ಸಾಮಿ. ನಾನು ಕಣ್ಣು ಬಿಟ್ಕೊಂಡಿದ್ದೆ." ಆಕೆ ತನ್ನ ಕತ್ತಿನ ಪಕ್ಕ ಎರಡು ಬೆರಳು ಇಟ್ಟಳು. "ಅವ್ನು ಕೂಗ್ಲೇ ಇಲ್ಲ. ಹಲ್ಲು ಡಾಕ್ಟ್ರ ಮುಂದೆ ತೆಗೆಯೋ ಹಾಗೆ ಮೂರು ಸಲ ಬಾಯಿ ತೆಗೆದು ಮುಚ್ಚಿದ. ಕೂಗಿದ್ರೆ ಇಲ್ಲಿ ನರ ಉಬ್ಬುತ್ತೆ. ಅವನಿಗೆ ಉಬ್ಬಲಿಲ್ಲ."

"ಅಷ್ಟು ದೂರದಿಂದ..."

"ಅಯ್ಯೋ, ನಮಗೆ ಇದು ಹೊಸದಾ? ಹದಿನಾರು ಮಗ್ಗ ಒಟ್ಟಿಗೆ ಓಡೋ ಮನೇಲಿ ಹುಟ್ಟಿದವಳು ನಾನು. ಅಮ್ಮ ಊಟಕ್ಕೆ ಕರೆದಿದ್ದು, ಬೈದಿದ್ದು, ಎಲ್ಲ ಅವಳ ತುಟಿ ನೋಡೇ ತಿಳ್ಕೊಂಡಿದ್ದು. ಈ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ಮಗ್ಗದ ಸದ್ದಲ್ಲಿ ಕೂಗಿ ಗಂಟಲು ಕೆಡಿಸ್ಕೊಳ್ಳೋರು ಯಾರೂ ಇಲ್ಲ."

ನಾನು ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಯವನು. ರಾಗಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದವನು. ಈ ಪೇಟೆಯಲ್ಲಿ ಒಂಬತ್ತು ವರ್ಷ ಡ್ಯೂಟಿ ಮಾಡಿದರೂ ಮಗ್ಗದ ಮನೆಯೊಳಗೆ ಜನ ಹೇಗೆ ಮಾತಾಡುತ್ತಾರೆ ಎಂದು ಒಂದು ದಿನ ನಿಂತು ನೋಡಿರಲಿಲ್ಲ.

"ಕೂಗ್ಲಿಲ್ಲ, ಆದ್ರೆ ಮಾತಾಡ್ದ," ಆಕೆ ಮುಂದುವರಿಸಿದಳು. "ಮೂರನೇ ಸಲ ಬಾಯಿ ಮುಚ್ಚಿದ್ಮೇಲೆ ಪಕ್ಕಕ್ಕೆ ತಿರುಗಿದ. ಒಳಗೆ ಇನ್ನೊಬ್ಬರಿದ್ರು, ನನಗೆ ಕಾಣ್ಲಿಲ್ಲ. ಅವರಿಗೆ ಹೇಳ್ದ. 'ಮುಗೀತು ಬಿಡಿ ನಾರಾಯಣಣ್ಣ, ಇನ್ಮೇಲೆ ಆ ಹೆಂಗಸಿನ ಮಾತು ಯಾವನೂ ನಂಬಲ್ಲ.'"

ಕುಮಾರ್. ನನ್ನ ಬಲಗೈ. ನನ್ನ ಮಗಳ ಮದುವೆಯಲ್ಲಿ ಚಪ್ಪರದ ಕೆಳಗೆ ನಿಂತು ಬಡಿಸಿದವನು.

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲಮ್ಮ?"

"ಹೇಳೋಕೆ ಬಂದೆನಲ್ಲ! ಸಾರ್, ಅವ್ರು ಕೂಗ್ಲಿಲ್ಲ ಅಂತ ಬಾಯಿ ತೆಗೆದೆ. ನೀವು ಲಾಠಿ ಮಗ್ಗದ ಮೇಲೆ ಬಡಿದು, ಸುಮ್ನಿರಮ್ಮ, ಇನ್ನೊಂದು ಮಾತಾಡಿದ್ರೆ ಸುಳ್ಳು ಸಾಕ್ಷಿ ಕೇಸು ಜಡೀತೀನಿ ಅಂದ್ರಿ. ನಮ್ಮೆಜಮಾನ್ರು ಕೈ ಹಿಡಿದು ಒಳಕ್ಕೆ ಎಳ್ಕೊಂಡ್ರು. ನೆನಪಿಲ್ವಾ?"

ನೆನಪಿತ್ತು. ಲಾಠಿ ಬಡಿದ ಜಾಗದಲ್ಲಿ ಮಗ್ಗದ ಮರ ಚಕ್ಕೆ ಎದ್ದಿತ್ತು, ಅದೂ ನೆನಪಿತ್ತು. ತಲೆ ತಗ್ಗಿಸಿದೆ. ಆಕೆ ಕಾಲಿಗೆ ಬೀಳಬೇಕು ಎನ್ನಿಸಿತು. ಬಿದ್ದರೂ ಏನು ಬಂತು, ಕಳೆದುಹೋದ ವರ್ಷಗಳನ್ನು ಯಾರು ಕೊಡುತ್ತಾರೆ?

"ಭಾಗ್ಯಮ್ಮ, ಈ ಮಾತನ್ನ ಕ್ಯಾಮೆರಾ ಮುಂದೆ ಹೇಳ್ತೀರಾ? ಬಚ್ಚಪ್ಪನ ಮೇಲಿನ ಕಳಂಕ ತೊಳೆಯೋಕೆ ಇಷ್ಟೇ ಸಾಕು."

"ಹೇಳ್ತೀನಿ. ಆವತ್ತೂ ಹೇಳ್ತಿದ್ದೆ, ಇವತ್ತೂ ಹೇಳ್ತೀನಿ."

ಆಗ ನನಗೆ ಹೊಳೆಯಿತು. ಈಗ ಆ ಕುಮಾರನೇ ಅನಿತಳ ಜೊತೆ ಮೇಲಿದ್ದಾನೆ. ಒಳಗಿನಿಂದ ಬೀಗ ಹಾಕಿಕೊಂಡಿದ್ದಾನೆ.

ಎದ್ದು ನಿಂತೆ. ಕಿಟಕಿಯಲ್ಲಿ ಅನಿತ ಇನ್ನೂ ನಿಂತಿದ್ದಳು. ಕೈ ಆಡಿಸಿ, "ಕೇಳಿಸ್ತಾ ಸಾರ್?" ಎಂದು ಕೂಗಿದಳು. ಕೆಳಗೆ ಬಾ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಕರೆಂಟ್ ಬಂತು.

ತಲೆಯ ಮೇಲಿನ ಬಲ್ಬು ಹೊತ್ತಿತು. ಪಕ್ಕದ ಮನೆಯ ಮಗ್ಗ ಗುದ್ದಿಕೊಂಡು ಎದ್ದಿತು. ಅದರ ಪಕ್ಕದ್ದು, ಅದರಾಚೆಯದು. ಹತ್ತು ಎಣಿಸುವುದರೊಳಗೆ ಇಡೀ ಬೀದಿಯ ನೆಲ ಅದುರತೊಡಗಿತು.

"ಅನಿತಾ! ಕೆಳಗೆ ಬಾ! ಬಾರಮ್ಮ!"

ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳು ಕಿವಿಯ ಹಿಂದೆ ಕೈ ಇಟ್ಟು, ಏನು ಎನ್ನುವಂತೆ ಕತ್ತು ಆಡಿಸಿದಳು. ಫೋನ್ ಮಾಡೋಣವೆಂದರೆ ಅವಳ ಫೋನು ನನ್ನ ಕೈಯಲ್ಲೇ ಇತ್ತು.

ಅವಳ ಹಿಂದೆ, ಬಿಸಿಲು ಬಿದ್ದ ಬಾಗಿಲ ಬಳಿ, ಕುಮಾರ್ ಕಾಣಿಸಿಕೊಂಡ. ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದ. ಈ ಸದ್ದಿನಲ್ಲಿ ಎರಡು ಮಾರು ದೂರದ ಅನಿತಳಿಗೂ ಅವನ ಮಾತು ಕೇಳಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಭಾಗ್ಯಮ್ಮ ನನ್ನ ತೋಳು ಹಿಡಿದಳು. ಕಣ್ಣು ಕಿರಿದು ಮಾಡಿ ಆ ಕಿಟಕಿಯನ್ನೇ ನೋಡುತ್ತಿದ್ದಳು. ಆಮೇಲೆ ಬಾಯನ್ನು ನನ್ನ ಕಿವಿಗೆ ತಂದು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕೂಗಿದಳು.

"'ನಾರಾಯಣಣ್ಣ... ಹುಡುಗಿ ಗೋಡೆ ಅಳೆದುಬಿಟ್ಟವ್ಳೆ... ನಾಳೆಗೆ ಕಾಯೋದು ಬೇಡ... ಜೆಸಿಬಿ ಈಗ್ಲೇ ಶುರು ಮಾಡ್ಸಿ... ನಾನು ಹಿಂದಿನ ಬಾಗಿಲಿಂದ ಬಂದ್ಬಿಡ್ತೀನಿ... ಮೇಲೆ ಯಾರೂ ಇಲ್ಲ ಅಂತ ಡ್ರೈವರಿಗೆ ನಾನೇ ಹೇಳ್ತೀನಿ.'"

ಆರು ಮೆಟ್ಟಿಲನ್ನು ಹೇಗೆ ಇಳಿದೆನೋ ತಿಳಿಯದು. ರಸ್ತೆ ದಾಟಿ ಶಟರಿಗೆ ಎರಡೂ ಕೈಯಲ್ಲಿ ಬಡಿದೆ. ಬಡಿದ ಸದ್ದು ಮಗ್ಗದ ಸದ್ದಿನಲ್ಲಿ ಕೂಡಿಹೋಯಿತು. ಆದರೆ ಶಟರಿನ ತಗಡು ನನ್ನ ಅಂಗೈ ಕೆಳಗೆ ಬೇರೊಂದು ರೀತಿ ಅದುರತೊಡಗಿತ್ತು. ಹಿಂದಿನ ಅಂಗಳದಲ್ಲಿ ಇಂಜಿನ್ ಸ್ಟಾರ್ಟ್ ಆಗಿತ್ತು.

ಹಿಂದೆ ಸರಿದು ತಲೆ ಎತ್ತಿದೆ. ಅಪ್ಪನನ್ನು ಒಳಗೆ ಹಾಕಿದವನು ನಾನು, ಮಗಳನ್ನು ಈ ಒಳಗೆ ಬಿಟ್ಟು ಬಂದವನೂ ನಾನೇ. "ಓಡು! ಅನಿತಾ, ಓಡು!" ಎಂದು ಎರಡೂ ಕೈ ಎತ್ತಿ ಅರಚಿದೆ.

ಪರೀಕ್ಷೆ ಗೆದ್ದೆವೆಂದು ನಾನು ಕುಣಿಯುತ್ತಿದ್ದೇನೆ ಎಂದುಕೊಂಡಳೋ ಏನೋ. ಎರಡು ಹಂಸಗಳ ನಡುವಿನಿಂದ ಬಗ್ಗಿ, ನಗುತ್ತಾ, ಹೆಬ್ಬೆರಳು ಎತ್ತಿ ತೋರಿಸಿದಳು.

ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.